ತುಂಬಿದ ಮೈಯೊಳಗಿನ ಹಸಿವು

ಮೈ ಎಂಬ ಪುಟ್ಟ ಮಾತಿನ ಸುತ್ತ ಕನ್ನಡದಲ್ಲಿ ಎಷ್ಟೊಂದು ನುಡಿಗಟ್ಟುಗಳು ಬೆಳೆದು ನಿಂತಿವೆ! ಮೈ ತುಂಬುವುದು ಸೌಭಾಗ್ಯದ ಕುರುಹು. ಮೈ ಸೊರಗುವುದು ಕಷ್ಟದ ಕುರುಹು. ಪಂಚಮಿಯ ಹಬ್ಬಕ್ಕೆ ತವರಿಗೆ ಬಂದ ಮಗಳನ್ನು ಬಾಗಿಲಲ್ಲಿ ಕಂಡೊಡನೆ ತಾಯಿಯ ಕಣ್ಣು ಮೊದಲು ಹರಿಯುವುದು ಅವಳ ಕೊರಳಿನ ಒಡವೆಯ ಕಡೆಗಲ್ಲ, ಅವಳ ತೋಳು ಕೆನ್ನೆಗಳ ಕಡೆಗೆ. “ಮೈ ಕೈ ತುಂಬಿಕೊಂಡಾಳ, ಚಲೋ ಮನೀ ಸಿಕ್ಕೈತಿ” ಎಂದು ನೆರೆಯವರು ನುಡಿದರೆ ಆ ತಾಯಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ಸಂಕೇಶ್ವರದ ಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನ ಕಿವಿಗೆ ಈ ಮಾತು ರೂಢಿಯಾದದ್ದು. ಬರಗಾಲಗಳನ್ನು ಮತ್ತೆ ಮತ್ತೆ ಕಂಡ ನಾಡಿನಲ್ಲಿ ತುಂಬಿದ ಮೈಯನ್ನು ತುಂಬಿದ ಕಣಜದಂತೆ ಕಂಡು ಹಿಗ್ಗುವುದು ಸಹಜವೇ ಆಗಿತ್ತು. ಆದರೆ ಕಣಜದಲ್ಲಿ ತುಂಬಿರುವುದು ಕಾಳೋ ಹೊಟ್ಟೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ಹೆಣ್ಣುಮಕ್ಕಳ ದೇಹದ ವಿಷಯದಲ್ಲಿ ನಮ್ಮ ಕಣ್ಣು ಇಂದು ಮೋಸಹೋಗುತ್ತಿರುವುದು ಇಲ್ಲಿಯೇ.

ನಮ್ಮ ಓಣಿಯಲ್ಲಿ ಎಲ್ಲರೂ ವೈನಿ ಎಂದು ಕರೆಯುವ ಗೃಹಿಣಿಯೊಬ್ಬರಿದ್ದಾರೆ. ವಯಸ್ಸು ನಲವತ್ತರ ಮೇಲೆ, ಕಾಯ ಸ್ಥೂಲ. ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೆ ಕಣ್ಣಿಗೆ ಕತ್ತಲೆ, ಸಂಜೆಗೆ ಕಾಲುಸೆಳೆತ. “ಮೈ ಭಾರ ಆಗೇದ, ಇಳಿಸ್ರಿ” ಎಂದು ಮನೆಯವರು ಹೇಳಿದರು, ಬಂಧುಗಳು ಹೇಳಿದರು, ವೈದ್ಯರೊಬ್ಬರೂ ಅಷ್ಟನ್ನೇ ಹೇಳಿ ಕಳುಹಿದರು. ಅದನ್ನು ನಂಬಿ ಅವರು ವಾರಕ್ಕೆರಡು ಉಪವಾಸ ಹಿಡಿದರು. ಉಪವಾಸದ ದಿನ ಸಾಬೂದಾಣಿ ಮತ್ತು ಚಹ, ಇವೆರಡೇ ಆಹಾರ. ದಣಿವು ಇಳಿಯಲಿಲ್ಲ, ಏರಿತು. ಕೊನೆಗೆ ಮಗಳ ಒತ್ತಾಯಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ, ಹನ್ನೆರಡಾದರೂ ಇರಬೇಕಾಗಿದ್ದ ಹಿಮೋಗ್ಲೋಬಿನ್ ಒಂಬತ್ತಕ್ಕೂ ಕೆಳಗಿತ್ತು. ಆ ಕಾಗದವನ್ನು ನನ್ನ ಕೈಗಿತ್ತು ಅವರು ಕೇಳಿದರು: “ರಕ್ತ ಕಡಿಮಿ ಅಂತಾರ್ರೀ ಮಾಸ್ತರ. ಇಷ್ಟು ಮೈ ಇದ್ದಾಕಿಗೆ ರಕ್ತ ಹೆಂಗ ಕಡಿಮಿ ಆಗತೈತ್ರೀ?” ಆ ಪ್ರಶ್ನೆಯಲ್ಲಿ ಸಂಕೋಚವಿತ್ತು, ತನ್ನ ದೇಹವೇ ತನ್ನ ವಿರುದ್ಧ ಸುಳ್ಳುಸಾಕ್ಷಿ ನುಡಿಯುತ್ತಿದೆಯೇನೋ ಎಂಬ ದಿಗಿಲೂ ಇತ್ತು. ಪ್ರಶ್ನೆ ಅವರೊಬ್ಬರದಲ್ಲವಾದ ಕಾರಣ ಅದಕ್ಕೆ ಉತ್ತರವನ್ನು ವಿಸ್ತಾರವಾಗಿಯೇ ಹುಡುಕುವುದು ಉಚಿತ.

ಮೊದಲು ಲೆಕ್ಕವನ್ನು ನೋಡೋಣ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡಾ 30.1 ಮಂದಿ ಅತಿತೂಕದವರು ಇಲ್ಲವೆ ಸ್ಥೂಲಕಾಯರು. ಅದಕ್ಕೆ ಹಿಂದಿನ, 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ 23.3 ಆಗಿತ್ತು. ಐದು ಅಡಿ ಎತ್ತರದ ಹೆಂಗಸು 58 ಕಿಲೋ ತೂಕವನ್ನು ದಾಟಿದರೆ ಈ ಗಣನೆಯೊಳಗೆ ಬರುತ್ತಾಳೆ. ಅದೇ ಐದನೆಯ ಸಮೀಕ್ಷೆಯಲ್ಲಿ ರಕ್ತಹೀನತೆಯುಳ್ಳ ಸ್ತ್ರೀಯರು ಶೇಕಡಾ 47.8, ತೀರ ಕೃಶರಾದವರು ಶೇಕಡಾ 17.2. ವಾಚಕರು ಈ ಮೂರು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕೃಶರಾದವರೆಲ್ಲರೂ ರಕ್ತಹೀನರೆಂದೇ ಇಟ್ಟುಕೊಂಡರೂ, ನೂರರಲ್ಲಿ ಸುಮಾರು ಮೂವತ್ತು ಮಂದಿ ರಕ್ತಹೀನರು ಕೃಶರಲ್ಲದವರ ನಡುವೆಯೇ ಇರಬೇಕಾಗುತ್ತದೆ. ಅಂದ ಮೇಲೆ ರಕ್ತಹೀನತೆ ಸೊರಗಿದವರ ರೋಗ ಎಂಬ ನಂಬಿಕೆಯು ಬರಿಯ ಕೂಡಿಸಿ ಕಳೆಯುವ ಲೆಕ್ಕದ ಮುಂದೆಯೇ ನಿಲ್ಲಲಾರದು. ದೇಶದ ಒಟ್ಟು ಲೆಕ್ಕದಲ್ಲಿ ರಕ್ತಹೀನರಾದ ಸ್ತ್ರೀಯರು ಶೇಕಡಾ 57.0 ಇದ್ದರೆ ಅದೇ ವಯಸ್ಸಿನ ಪುರುಷರು 25.0 ಮಾತ್ರ. ಒಂದೇ ಮನೆಯ ಒಂದೇ ಒಲೆಯ ಅಡಿಗೆಯನ್ನು ಉಣ್ಣುವವರಲ್ಲಿ ಈ ಅಂತರ!

ಸ್ಥೂಲಕಾಯದೊಳಗೆ ಕೊರತೆಯಿರಬಹುದೆಂಬ ವಿಚಾರ ತೀರ ಹೊಸದೆಂದು ಭಾವಿಸಬೇಕಾಗಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲ ಮತ್ತು ಅತಿಕೃಶರ ವಿಚಾರ ಬರುತ್ತದೆ. ಅತಿಸ್ಥೂಲನಲ್ಲಿ ಮೇದಸ್ಸೊಂದೇ ಬೆಳೆಯುತ್ತದೆ, ಉಳಿದ ಧಾತುಗಳು ಹಾಗೆ ಪುಷ್ಟಿಗೊಳ್ಳುವುದಿಲ್ಲ ಎಂಬುದು ಅಲ್ಲಿಯ ಅಭಿಪ್ರಾಯ. ರಕ್ತದ ರಾಸಾಯನಿಕ ಪರೀಕ್ಷೆಯ ಕಲ್ಪನೆಯೂ ಇಲ್ಲದ ಕಾಲದಲ್ಲಿ ಬರಿಯ ನಿರೀಕ್ಷಣೆಯಿಂದ ಕಂಡುಕೊಂಡ ಸಂಗತಿಯಿದು. ಸ್ಥೂಲತೆಯನ್ನೂ ಪುಷ್ಟಿಯನ್ನೂ ಬೇರೆ ಬೇರೆ ಮಾತುಗಳಾಗಿ ಉಳಿಸಿಕೊಂಡ ಭಾಷೆ ನಮ್ಮದು. ಆದರೂ ವ್ಯವಹಾರದಲ್ಲಿ ನಾವು ಅವೆರಡನ್ನೂ ಒಂದಾಗಿಸಿಬಿಟ್ಟೆವು.

ಹಾಗೆ ಒಂದಾಗಿಸಿದ್ದಕ್ಕೂ ಕಾರಣವುಂಟು. ಕಳೆದ ಶತಮಾನದಲ್ಲಿ ನಮ್ಮ ವೈದ್ಯರು ಕಂಡ ಕೊರತೆಯ ರೋಗಗಳೆಲ್ಲ ಬಡಕಲು ದೇಹಗಳಲ್ಲಿಯೇ ಕಾಣಿಸಿಕೊಂಡವು. ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುವ ದಖನ್ನಿನ ಬಡವರಲ್ಲಿ ಬಿಸಿಲು ತಾಗಿದೆಡೆ ಚರ್ಮ ಕಪ್ಪಾಗಿ ಸುಲಿಯುವ ಪೆಲ್ಲಾಗ್ರಾ ರೋಗವಿದ್ದಿತು. ಹೈದರಾಬಾದಿನಲ್ಲಿ ಸಂಶೋಧನೆ ನಡೆಸಿದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ನಯಾಸಿನ್ ಎಂಬ ಜೀವಸತ್ವದ ಕೊರತೆಗೂ ಸಂಬಂಧವಿದೆಯೆಂದು ತೋರಿಸಿಕೊಟ್ಟರು. ಜೋಳದೊಡನೆ ಬೇಳೆ, ಹಾಲು, ಪಲ್ಯಗಳನ್ನು ಉಣ್ಣುವ ಮನೆಗಳಲ್ಲಿ ಆ ರೋಗದ ಭಯವಿರಲಿಲ್ಲ. ಕಾಳಿನ ಆಶ್ರಯವಿಲ್ಲದ ರೊಟ್ಟಿಯೊಂದರಿಂದಲೇ ಹೊಟ್ಟೆ ತುಂಬಿದಾಗ ರೋಗ ತಲೆದೋರುತ್ತಿತ್ತು. ಹೊಟ್ಟೆ ತುಂಬುವುದು ಬೇರೆ, ದೇಹ ಪೋಷಣೆಗೊಳ್ಳುವುದು ಬೇರೆ ಎಂಬ ಪಾಠ ಅಂದೇ ದೊರೆತಿತ್ತು. ಅಂದು ಆ ಪಾಠ ಕೃಶಕಾಯದ ಮೇಲೆ ಬರೆದಿತ್ತು. ಇಂದು ಸ್ಥೂಲಕಾಯದ ಮೇಲೆ ಬರೆದಿದೆ. ಲಿಪಿ ಬದಲಾದುದರಿಂದ ನಾವು ಅದನ್ನು ಓದಲಾರದವರಾಗಿದ್ದೇವೆ.

ಈಗ ವೈನಿಯವರ ಪ್ರಶ್ನೆಗೆ ಬರೋಣ. 1962ರಲ್ಲಿಯೇ ಅಮೆರಿಕೆಯ ಆಹಾರವಿಜ್ಞಾನಿ ಜೀನ್ ಮೇಯರ್ ಮತ್ತು ಅವರ ಸಂಗಡಿಗರು, ಸ್ಥೂಲಕಾಯದ ಹದಿಹರೆಯದವರ ರಕ್ತದಲ್ಲಿ ಕಬ್ಬಿಣದಂಶ ಕಡಿಮೆಯಿರುವುದನ್ನು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಏಕೆ ಹೀಗೆ ಎಂಬುದು ತಿಳಿಯಲು ಸುಮಾರು ನಲವತ್ತು ವರ್ಷ ಬೇಕಾಯಿತು. 2000ದ ಆಸುಪಾಸಿನಲ್ಲಿ ಯಕೃತ್ತಿನಲ್ಲಿ ಹುಟ್ಟುವ ಹೆಪ್ಸಿಡಿನ್ ಎಂಬ ಸಣ್ಣದೊಂದು ಹಾರ್ಮೋನು ಬೆಳಕಿಗೆ ಬಂತು. ಕರುಳಿನಿಂದ ರಕ್ತಕ್ಕೆ ಕಬ್ಬಿಣವನ್ನು ಬಿಡುವ ಬಾಗಿಲಿಗೆ ಇದೇ ಕಾವಲುಗಾರ. ದೇಹದಲ್ಲಿ ಕಬ್ಬಿಣ ಸಾಕಷ್ಟಿದ್ದಾಗ ಹೆಪ್ಸಿಡಿನ್ ಹೆಚ್ಚಿ ಬಾಗಿಲು ಮುಚ್ಚುತ್ತದೆ. ಕೊರತೆಯಾದಾಗ ತಗ್ಗಿ ಬಾಗಿಲು ತೆರೆಯುತ್ತದೆ. ಸೋಂಕು ಉರಿಯೂತಗಳಿದ್ದಾಗಲೂ ಅದು ಬಾಗಿಲು ಮುಚ್ಚುವುದುಂಟು. ರೋಗಾಣುಗಳಿಗೂ ಕಬ್ಬಿಣ ಬೇಕಾದುದರಿಂದ ಅದನ್ನು ಅವುಗಳಿಗೆ ಸಿಗದಂತೆ ಬಚ್ಚಿಡುವ ಉಪಾಯವಿದು.

ಇಲ್ಲಿಯೇ ಮೇದಸ್ಸಿನ ಪಾತ್ರ ಬರುವುದು. ಮೇದಸ್ಸು ಮೂಲೆಯಲ್ಲಿ ಬಿದ್ದ ಮೂಟೆಯಂತೆ ಸುಮ್ಮನಿರುವ ವಸ್ತುವಲ್ಲ. ಮಿತಿಮೀರಿ ಬೆಳೆದಾಗ ಅದು ದೇಹದಲ್ಲಿ ಮಂದವಾದ, ಬಹುಕಾಲದ ಉರಿಯೂತವನ್ನು ಎಬ್ಬಿಸುತ್ತದೆ. ಜ್ವರವಿಲ್ಲ, ನೋವಿಲ್ಲ; ಆದರೂ ಆ ಉರಿಯೂತದ ಸಂದೇಶ ಯಕೃತ್ತಿಗೆ ತಲುಪಿ ಹೆಪ್ಸಿಡಿನ್ ಏರುತ್ತದೆ. ಉಂಡ ಕಬ್ಬಿಣ ಕರುಳಿನ ಗೋಡೆಯಲ್ಲಿಯೇ ಉಳಿದು ಕೆಲವೇ ದಿನಗಳಲ್ಲಿ ಜೀವಕೋಶಗಳೊಡನೆ ಉದುರಿಹೋಗುತ್ತದೆ. ಇತ್ತ ಸ್ತ್ರೀಯರಿಗೆ ತಿಂಗಳು ತಿಂಗಳೂ ರಕ್ತದ ವೆಚ್ಚ. ಬಸಿರು ಬಾಣಂತನಗಳ ವೆಚ್ಚ ಬೇರೆ. ಆದುದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಮ್ ಕಬ್ಬಿಣವನ್ನು ಸೂಚಿಸಿದಾಗ ಸ್ತ್ರೀಗೆ 29 ಮಿಲಿಗ್ರಾಮ್ ಎಂದು ಸೂಚಿಸಿತು. ವೆಚ್ಚ ಹೆಚ್ಚು, ಬಾಗಿಲು ಮುಚ್ಚಿದೆ, ಬರುವುದೂ ಕಡಿಮೆ. ಮೈ ತುಂಬಿದ್ದರೂ ರಕ್ತ ಬಡವಾಗುವುದು ಹೀಗೆ. ಇನ್ನೂ ಒಂದು ತೊಡಕಿದೆ. ಕಬ್ಬಿಣದ ದಾಸ್ತಾನನ್ನು ಅಳೆಯಲು ಬಳಸುವ ಫೆರಿಟಿನ್ ಎಂಬ ಅಂಶವು ಉರಿಯೂತವಿದ್ದಾಗ ತಾನೇ ಏರುವುದರಿಂದ, ಕೊರತೆಯಿದ್ದರೂ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣಬಹುದು. ಹೊರಗಣ್ಣಿನಂತೆ ಪ್ರಯೋಗಶಾಲೆಯ ಕಣ್ಣೂ ಮೋಸಹೋಗುವ ಸಂದರ್ಭವಿದು.

ಬರುವುದು ಕಡಿಮೆಯಾಯಿತೆಂದೆನಷ್ಟೆ, ಅದು ಹೇಗೆಂಬುದನ್ನು ನಮ್ಮ ಊರಿನ ಅಡಿಗೆಮನೆಗಳಲ್ಲಿಯೇ ನೋಡಬಹುದು. ಹಿರಣ್ಯಕೇಶಿಯ ದಂಡೆಯ ಸಂಕೇಶ್ವರ ಕಬ್ಬಿನ ಸೀಮೆ; ನದಿಯ ಹೆಸರನ್ನೇ ಹೊತ್ತ ಸಹಕಾರಿ ಸಕ್ಕರೆ ಕಾರ್ಖಾನೆ ಇಲ್ಲಿಯದು. ಊರಿನ ಹೆಸರನ್ನು ಹೊರನಾಡಿಗೆ ಒಯ್ದ ಮೆಣಸಿನಕಾಯಿಯೂ ಇಲ್ಲಿಯದು. ಜೋಳದ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ, ಮೆಂತ್ಯದ ಪಲ್ಯ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಮಜ್ಜಿಗೆ: ಇದು ಈ ಸೀಮೆಯ ಊಟ. ಹಿಂದಿನದನ್ನೆಲ್ಲ ಹೊಗಳುವ ಉದ್ದೇಶ ನನಗಿಲ್ಲ. ಈ ಊಟ ಸಿದ್ಧವಾಗುತ್ತಿದ್ದ ಮನೆಗಳಲ್ಲಿಯೂ ಅದನ್ನು ಬಡಿಸಿದ ಕೈಗೆ ಕಡೆಗೆ ಉಳಿಯುತ್ತಿದ್ದುದು ರೊಟ್ಟಿಯ ಚೂರು, ಪಲ್ಯದ ತಳ. ಎಲ್ಲರ ಊಟವಾದ ಮೇಲೆ ಉಣ್ಣುವ ಪದ್ಧತಿ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಆದರೆ ಅಂದು ಉಳಿದುದು ಕಡಿಮೆಯಾದರೆ ಹೆಂಗಸು ಸೊರಗುತ್ತಿದ್ದಳು. ಇಂದು ಪಲ್ಯ ಮುಗಿದಿದ್ದರೂ ಅನ್ನವಿರುತ್ತದೆ, ಚಹವಿರುತ್ತದೆ, ಡಬ್ಬಿಯಲ್ಲಿ ಬಿಸ್ಕೀಟು, ಚುರುಮುರಿ, ಕರಿದ ತಿಂಡಿಯಿರುತ್ತವೆ. ಹಸಿವು ತಣಿಯುತ್ತದೆ, ಕೊರತೆ ಉಳಿಯುತ್ತದೆ.

ಚಹದ ಲೆಕ್ಕವನ್ನೇ ನೋಡಿ. ದಿನಕ್ಕೆ ಐದು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು ಐವತ್ತು ಗ್ರಾಮ್. ಅದರಿಂದ ದೊರೆಯುವ ಶಕ್ತಿ ಇನ್ನೂರು ಕ್ಯಾಲೊರಿ. ಅರವತ್ತು ಗ್ರಾಮ್ ಹಿಟ್ಟಿನ ಒಂದು ಜೋಳದ ರೊಟ್ಟಿಯೂ ಹೆಚ್ಚು ಕಡಿಮೆ ಅಷ್ಟನ್ನೇ ಕೊಡುತ್ತದೆ. ಆದರೆ ರೊಟ್ಟಿಯೊಡನೆ ಕಬ್ಬಿಣ, ಸತು, ಮೆಗ್ನೀಸಿಯಮ್, ಬಿ ಗುಂಪಿನ ಜೀವಸತ್ವಗಳು, ನಾರು ಬರುತ್ತವೆ. ಸಕ್ಕರೆಯೊಡನೆ ಇವೊಂದೂ ಬರುವುದಿಲ್ಲ. ಸಾಬೂದಾಣಿಯೂ ಬಹುಮಟ್ಟಿಗೆ ಬರಿಯ ಪಿಷ್ಟವೇ. ಇಷ್ಟು ಸಾಲದೆಂಬಂತೆ, ಊಟದೊಡನೆ ಕುಡಿದ ಚಹದ ಟ್ಯಾನಿನ್ ಅಂಶವು ಊಟದಲ್ಲಿಯ ಕಬ್ಬಿಣವನ್ನು ದೇಹಕ್ಕೆ ಸಿಗದಂತೆ ಹಿಡಿದಿಡುತ್ತದೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣವುಂಟೆಂಬುದು ನಿಜವಾದರೂ ಅದೂ ಮುಖ್ಯವಾಗಿ ಸಕ್ಕರೆಯೇ ಎಂಬುದನ್ನು ಕಬ್ಬಿನ ಸೀಮೆಯವರಾದ ನಾವು ಮರೆಯಲಾಗದು. ಬಾಣಂತಿಗೆಂದು ತರಿಸುವ ಗೋಕಾಕದ ಕರದಂಟು, ಅಂಟು ಒಣಹಣ್ಣುಗಳಿಂದ ಕೂಡಿದ ಸತ್ವಯುತ ತಿನಿಸೇ ಸರಿ. ದಿನಕ್ಕೊಂದು ತುಂಡು ಪೋಷಣೆ, ನಾಲ್ಕು ತುಂಡು ಮೇದಸ್ಸು.

ಕಬ್ಬಿಣದ ಕಥೆಗಿಂತ ಭಿನ್ನವಾದುದು ಡಿ ಜೀವಸತ್ವದ ಕಥೆ. ಇದನ್ನು ಚರ್ಮವು ಬಿಸಿಲಿನ ನೆರವಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಇದು ಕೊಬ್ಬಿನಲ್ಲಿ ಕರಗುವ ಜೀವಸತ್ವವಾದುದರಿಂದ ದೇಹದಲ್ಲಿ ಮೇದಸ್ಸು ಹೆಚ್ಚಿದ್ದಷ್ಟೂ ಅದರಲ್ಲಿ ಹರಡಿ ಅಡಗಿಕೊಳ್ಳುತ್ತದೆ, ರಕ್ತದಲ್ಲಿ ಕಡಿಮೆಯಾಗುತ್ತದೆ. ಹಿಡಿ ಉಪ್ಪನ್ನು ಚೆರಿಗೆಯ ನೀರಿಗೆ ಹಾಕಿದರೆ ಹತ್ತುವ ರುಚಿ, ಹಂಡೆಯ ನೀರಿಗೆ ಹಾಕಿದರೆ ಹತ್ತಲಾರದಷ್ಟೆ. ಕೊರತೆಯಿಂದ ಮೈ ಬಂತೋ, ಮೈಯಿಂದ ಕೊರತೆ ಬಂತೋ ಎಂಬ ಪ್ರಶ್ನೆಗೆ 2013ರಲ್ಲಿ ಒಂದು ಉತ್ತರ ದೊರೆಯಿತು. ವಿಮಲೇಶ್ವರನ್ ಮತ್ತು ಸಂಗಡಿಗರು ಸುಮಾರು 42,000 ಮಂದಿಯ ಆನುವಂಶಿಕ ಲಕ್ಷಣಗಳನ್ನು ಪರಿಶೀಲಿಸಿ, ಎತ್ತರಕ್ಕೆ ತೂಕದ ಅನುಪಾತ ಶೇಕಡಾ 10 ಏರಿದರೆ ರಕ್ತದ ಡಿ ಜೀವಸತ್ವ ಶೇಕಡಾ 4ರಷ್ಟು ಇಳಿಯುತ್ತದೆಂದೂ, ಡಿ ಜೀವಸತ್ವ ಇಳಿದುದರಿಂದ ತೂಕ ಏರುವುದಕ್ಕೆ ಆಧಾರ ಕಾಣುವುದಿಲ್ಲವೆಂದೂ ತಿಳಿಸಿದರು. ಈ ಮಾತಿನ ಮಹತ್ವ ದೊಡ್ಡದು. ಗುಳಿಗೆ ನುಂಗಿ ಮೈ ಇಳಿಸುವೆನೆಂಬ ಆಸೆಗೆ ಇಲ್ಲಿ ಅವಕಾಶವಿಲ್ಲ.

ಮೂರನೆಯದಾದ ಬಿ12 ಜೀವಸತ್ವದ ವಿಷಯದಲ್ಲಿ ನಮ್ಮ ರಾಜ್ಯದ್ದೇ ಆದ ಮಹತ್ವದ ಅಧ್ಯಯನವೊಂದಿದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ 1997–98ರಲ್ಲಿ ಬಂದ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿ, ವರ್ಷಗಳ ಕಾಲ ಅವರ ಆರೋಗ್ಯವನ್ನು ಗಮನಿಸಿ, ಡಾ. ಜಿ. ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 785 ಗರ್ಭಿಣಿಯರಲ್ಲಿ ಶೇಕಡಾ 43 ಮಂದಿಗೆ ಬಿ12 ಕೊರತೆಯಿತ್ತು. ಕೊರತೆಯುಳ್ಳವರು ಇತರರಿಗಿಂತ ಕೃಶರಾಗಿದ್ದರೆಂದು ವಾಚಕರು ಊಹಿಸಬಹುದು. ಕಂಡುದು ಅದಕ್ಕೆ ವಿಪರೀತ. ಅವರ ತೂಕ ಎತ್ತರಕ್ಕೆ ಹೋಲಿಸಿದರೆ ಹೆಚ್ಚು, ಚರ್ಮದಡಿಯ ಕೊಬ್ಬು ಹೆಚ್ಚು, ಇನ್ಸುಲಿನ್ನಿಗೆ ದೇಹ ಓಗೊಡದಿರುವ ಪ್ರವೃತ್ತಿಯೂ ಹೆಚ್ಚು. ಗರ್ಭಾವಸ್ಥೆಯ ಮಧುಮೇಹ ಕೊರತೆಯುಳ್ಳವರಲ್ಲಿ ಶೇಕಡಾ 8.7, ಇಲ್ಲದವರಲ್ಲಿ 4.6. ಈ ಅಂತರಕ್ಕೆ ತೂಕವೂ ಒಂದಂಶ ಕಾರಣವಾಗಿತ್ತು. ಆದರೆ ಐದು ವರ್ಷಗಳ ನಂತರ ಕಂಡುಬಂದ ಮಧುಮೇಹದೊಡನೆ ಬಿ12 ಕೊರತೆಗಿದ್ದ ಸಂಬಂಧವು ತೂಕದ ಲೆಕ್ಕವನ್ನು ಕಳೆದ ಮೇಲೂ ಉಳಿಯಿತು.

ಸಂಕೇಶ್ವರದ ಮಗ್ಗುಲಲ್ಲಿಯೇ ಹಾದುಹೋಗುವ ಹೆದ್ದಾರಿಯ ಇನ್ನೊಂದು ದಿಕ್ಕಿನಲ್ಲಿರುವುದು ಪುಣೆ. ಅಲ್ಲಿಯ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಮಕ್ಕಳನ್ನೂ 1993ರಿಂದ ಅಧ್ಯಯನ ಮಾಡುತ್ತ ಬಂದ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು, ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿನಲ್ಲಿಯೇ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಅಧಿಕವಾಗಿದ್ದುದನ್ನು 2008ರಲ್ಲಿ ವರದಿ ಮಾಡಿದರು. ತಾಯಿಯ ರಕ್ತದ ಬಡತನವು ಮಗುವಿಗೆ ಆಸ್ತಿಯಾಗಿ ಇಳಿಯುವ ಬಗೆಯಿದು. ಬಿ12 ಜೀವಸತ್ವವನ್ನು ಸಸ್ಯಗಳು ತಯಾರಿಸಲಾರವು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ಅದು ಬರಬೇಕು. ಶಾಕಾಹಾರದ ಮನೆಯಲ್ಲಿ ಗಟ್ಟಿಮೊಸರು ಗಂಡಸರ ಮತ್ತು ಮಕ್ಕಳ ತಾಟಿಗೆ ಹೋಗಿ, ನೀರುಮಜ್ಜಿಗೆ ಮಾತ್ರ ಸೊಸೆಯ ಪಾಲಿಗೆ ಬಂದರೆ ಅದರ ಪರಿಣಾಮ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಯೋಚಿಸಬೇಕು. ಮಧುಮೇಹಕ್ಕೆಂದು ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ12 ಇನ್ನಷ್ಟು ಇಳಿಯುವುದುಂಟು. ಕೈಕಾಲು ಜೋಮು ಹಿಡಿಯುವುದನ್ನು ಸಕ್ಕರೆಕಾಯಿಲೆಯ ಲೆಕ್ಕಕ್ಕೇ ಬರೆದು ಸುಮ್ಮನಾಗಬಾರದು.

ಇಷ್ಟೆಲ್ಲ ಹೇಳಿದ ಮೇಲೆ ಜೀವಸತ್ವದ ಕೊರತೆಯೇ ಸ್ಥೂಲಕಾಯಕ್ಕೆ ಮೂಲವೆಂದು ಯಾರೂ ತಿಳಿಯಬಾರದು. ಕೆಲವೆಡೆ ಸ್ಥೂಲತೆಯೇ ಕೊರತೆಯನ್ನು ತರುತ್ತದೆ. ಕೆಲವೆಡೆ ಎರಡಕ್ಕೂ ಒಂದೇ ತಾಟು ಕಾರಣ. ಕೆಲವೆಡೆ ಒಂದು ಇನ್ನೊಂದರ ಜೊತೆಗಿದೆಯೆಂಬುದಷ್ಟೇ ನಿಶ್ಚಿತ. ನಿಶ್ಚಿತವಾದ ಇನ್ನೊಂದು ಸಂಗತಿಯೆಂದರೆ ಇವೆರಡನ್ನೂ ಒಟ್ಟಿಗೆ ನೋಡದೆ ಮಾಡಿದ ಉಪಚಾರ ಅರ್ಧ ಉಪಚಾರ. ಕೊರತೆಯನ್ನು ಗಮನಿಸದೆ ಬರಿಯ ಉಪವಾಸ ಹೇಳಿದರೆ ಇದ್ದ ಅಲ್ಪಸ್ವಲ್ಪ ಸತ್ವವೂ ಹೋಗುತ್ತದೆ. ತೂಕವನ್ನು ಗಮನಿಸದೆ ಬರಿಯ ಗುಳಿಗೆ ಕೊಟ್ಟರೆ ಮುಚ್ಚಿದ ಬಾಗಿಲ ಮುಂದೆ ಮೂಟೆ ಇಳಿಸಿದಂತೆ. ಹಿತಮಿತವಾಗಿ ತೂಕ ಇಳಿದಾಗ ಹೆಪ್ಸಿಡಿನ್ ತಗ್ಗಿ ಕಬ್ಬಿಣದ ಹೀರಿಕೆ ಸುಧಾರಿಸುವುದನ್ನು ಅಧ್ಯಯನಗಳು ತೋರಿಸಿವೆ. ಆಶೆಗೆ ಆಧಾರವಿರುವುದು ಅಲ್ಲಿ.

ಮಾಡಬೇಕಾದುದು ಕಠಿನವೇನಲ್ಲ, ಆದರೆ ಅದು ಹೆಂಗಸೊಬ್ಬಳ ಕೆಲಸವಲ್ಲ, ಮನೆಯವರೆಲ್ಲರ ಕೆಲಸ. ದಣಿವೆಂದು ಹೇಳಿದ ಹೆಣ್ಣುಮಗಳ ಗಾತ್ರವನ್ನು ನೋಡಿ ತೀರ್ಪು ಕೊಡುವ ಮೊದಲು ರಕ್ತವನ್ನು ಪರೀಕ್ಷೆ ಮಾಡಿಸಬೇಕು. ಗುಳಿಗೆ ಬೇಕೇ, ಎಷ್ಟು ಬೇಕೆಂಬುದನ್ನು ವೈದ್ಯರು ಹೇಳಬೇಕು. ಚಹವನ್ನು ಊಟದಿಂದ ಒಂದು ತಾಸು ದೂರವಿಟ್ಟು, ಸಕ್ಕರೆಯನ್ನು ಅರ್ಧಕ್ಕಿಳಿಸಬೇಕು. ಕಾಳುಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣದ ಹೀರಿಕೆಗೆ ನೆರವಾಗುತ್ತದೆ. ಸೊಪ್ಪು, ಮೊಳಕೆಕಾಳು, ಹಿಂಡಿಗಳು ಬಡವರ ಊಟವೆಂಬ ತಾತ್ಸಾರ ಹೋಗಬೇಕು. ಬಿಸಿಲಿನಲ್ಲಿ ನಡೆದಾಡಲು ಹೆಂಗಸರಿಗೆ ಬಿಡುವಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು. ಆಗ ಪಲ್ಯ ಯಾರ ಪಾಲಿಗೆ ಕಡಿಮೆಯಾಯಿತೆಂಬುದು ಕಣ್ಣಿಗೆ ಬೀಳುತ್ತದೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ರಾಜ್ಯ ಸರಕಾರವು 2017ರಲ್ಲಿ ಆರಂಭಿಸಿದಾಗ ಅದರ ಹಿಂದೆ ಇದ್ದ ತಿಳಿವಳಿಕೆಯೂ ಇದೇ: ಮನೆಗೆ ಕೊಟ್ಟ ಆಹಾರ ಹಂಚಿಹೋಗುತ್ತದೆ, ಅವಳ ತಾಟಿಗೆ ಬಡಿಸಿದ ಆಹಾರ ಅವಳಿಗೆ ಸೇರುತ್ತದೆ.

ಶಾಲೆಗಳಲ್ಲಿ ವಾರಕ್ಕೊಮ್ಮೆ ಹುಡುಗಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆ ಕೊಡುವ ಕಾರ್ಯಕ್ರಮವಿದೆ. ಸಾಲಿನಲ್ಲಿ ಮೈ ತುಂಬಿದ ಹುಡುಗಿ ಬಂದಾಗ “ನಿನಗ್ಯಾಕವ್ವಾ ಇದು” ಎಂದು ಗೆಳತಿಯರು ನಗುವುದನ್ನು ನಾನು ಕಂಡಿದ್ದೇನೆ. ಅವಳು ನಾಚಿ ಗುಳಿಗೆಯನ್ನು ಮುಷ್ಟಿಯಲ್ಲಿಯೇ ಬಚ್ಚಿಟ್ಟುಕೊಳ್ಳುತ್ತಾಳೆ. ಆ ನಗೆಯನ್ನು ತಡೆದು, ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟು, ಇದು ನಿನಗೂ ಬೇಕು ಎಂದು ಹೇಳುವ ಕೆಲಸ ಶಿಕ್ಷಕರದು. ವಿಜ್ಞಾನದ ಪಾಠದಲ್ಲಿ ಜೀವಸತ್ವಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ನಾವು, ಅದೇ ತರಗತಿಯಲ್ಲಿ ಈ ಮಾತನ್ನೂ ಕಲಿಸಬೇಕಾಗಿದೆ.